ಮಗುವಿನ ಕೈಗೆ ಪಿಟೀಲು ಕೊಡುವ ಮುನ್ನ

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾದ ಕೂಡಲೇ ಮೈಸೂರಿನ ಸಂಗೀತ ಪಾಠದ ಮನೆಗಳಿಗೂ ಹೊಸ ಮಕ್ಕಳು ಬರತೊಡಗುತ್ತಾರೆ. ಪಿಟೀಲು ಕಲಿಸುವ ನನ್ನ ಬಳಿಗೆ ಮಕ್ಕಳನ್ನು ಕರೆತರುವ ತಂದೆತಾಯಿಯರಲ್ಲಿ ಬಹಳಷ್ಟು ಜನ ಕೇಳುವ ಪ್ರಶ್ನೆಯೊಂದಿದೆ: ವಾದ್ಯ ಕಲಿತರೆ ಬುದ್ಧಿ ಚುರುಕಾಗುತ್ತದಂತೆ, ಗಣಿತದಲ್ಲಿ ಒಳ್ಳೆಯ ಅಂಕ ಬರುತ್ತದಂತೆ, ನಿಜವೇ? ಹೌದೆಂದು ಹೇಳಿ ಮಗುವನ್ನು ಸೇರಿಸಿಕೊಳ್ಳುವುದು ಸುಲಭ. ಆದರೆ ಅಂಕದ ಆಸೆಯಿಂದ ಸೇರಿಸಿದ ಮಗುವನ್ನು, ಅಂಕ ಇಳಿದ ತಿಂಗಳಲ್ಲಿಯೇ ಬಿಡಿಸುವುದೂ ಅಷ್ಟೇ ಸುಲಭವಾಗುತ್ತದೆ.

ಈ ನಂಬಿಕೆ ಜಗತ್ತಿನಾದ್ಯಂತ ಹಬ್ಬಲು 1993ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪುಟ್ಟ ವರದಿಯೇ ಬಹುಮಟ್ಟಿಗೆ ಕಾರಣ. ಅದರಲ್ಲಿ 36 ಕಾಲೇಜು ವಿದ್ಯಾರ್ಥಿಗಳು ಪಾಶ್ಚಾತ್ಯ ಸಂಗೀತದ ಮೊಜಾರ್ಟನ ಕೃತಿಯೊಂದನ್ನು ಹತ್ತು ನಿಮಿಷ ಕೇಳಿದ ಮೇಲೆ, ಆಕಾರಗಳನ್ನು ಮನಸ್ಸಿನಲ್ಲಿಯೇ ಕಲ್ಪಿಸಿಕೊಳ್ಳುವ ಪರೀಕ್ಷೆಯಲ್ಲಿ ಸ್ವಲ್ಪ ಮೇಲಾದರು. ಆ ಪರಿಣಾಮ ಕಾಲು ಗಂಟೆಯೊಳಗೆ ಕರಗಿಹೋಯಿತು. ಅಲ್ಲಿ ಮಕ್ಕಳೂ ಇರಲಿಲ್ಲ, ಯಾರೂ ವಾದ್ಯ ಮುಟ್ಟಲೂ ಇಲ್ಲ. ಮಕ್ಕಳ ಮೇಲೆಯೇ ನಡೆದ ಅಧ್ಯಯನಗಳು ಆಮೇಲೆ ಬಂದವು. 2004ರಲ್ಲಿ ಪ್ರಕಟವಾದ ಟೊರಾಂಟೊದ ಅಧ್ಯಯನದಲ್ಲಿ, ಆರು ವರ್ಷದ 144 ಮಕ್ಕಳ ಪೈಕಿ ಕೀಬೋರ್ಡ್ ಅಥವಾ ಹಾಡುಗಾರಿಕೆ ಕಲಿತವರ ಬುದ್ಧಿಸೂಚ್ಯಂಕ ಉಳಿದವರಿಗಿಂತ ತುಸು ಹೆಚ್ಚು ಏರಿತ್ತು. ಆದರೆ 2020ರಲ್ಲಿ 54 ಅಧ್ಯಯನಗಳನ್ನು, ಅಂದರೆ ಸುಮಾರು ಏಳು ಸಾವಿರ ಮಕ್ಕಳ ಫಲಿತಾಂಶಗಳನ್ನು, ಒಟ್ಟಿಗೆ ತೂಗಿ ನೋಡಿದಾಗ, ಕಟ್ಟುನಿಟ್ಟಾಗಿ ನಡೆಸಿದ ಅಧ್ಯಯನಗಳಲ್ಲಿ ಓದಿಗೂ ಬುದ್ಧಿಗೂ ಆದ ಲಾಭ ಹೆಚ್ಚುಕಡಿಮೆ ಸೊನ್ನೆಯೇ ಎಂದು ಕಂಡುಬಂತು. ತಂತಿವಾದ್ಯ ನುಡಿಸುವವರ ಎಡಗೈ ಬೆರಳುಗಳಿಗೆ ಮಿದುಳಿನಲ್ಲಿ ದೊರೆಯುವ ಜಾಗ ಇತರರಿಗಿಂತ ದೊಡ್ಡದೆಂದು, ಎಳವೆಯಲ್ಲಿಯೇ ಕಲಿತವರಲ್ಲಿ ಅದು ಇನ್ನೂ ಎದ್ದು ಕಾಣುತ್ತದೆಂದು 1995ರಲ್ಲಿಯೇ ತಿಳಿದಿತ್ತು, ನಿಜ. ಆದರೆ ಅದು ಬೆರಳಿನ ವಿದ್ಯೆ. ಅದರಿಂದ ಭಾಗಾಕಾರ ಬರುವುದಿಲ್ಲ.

ಹಾಗಾದರೆ ಮಗುವಿಗೆ ಸಿಗುವುದೇನು? ತನ್ನ ತಪ್ಪನ್ನು ತಾನೇ ಕೇಳಿಸಿಕೊಂಡು, ಅಲ್ಲಿಯೇ ತಿದ್ದಿಕೊಳ್ಳುವ ಕಿವಿ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಲಾಭ ಬೇರೊಂದಿಲ್ಲ.

ಪಿಟೀಲಿಗೆ ವೀಣೆಯಂತೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿದೆ ಎಂಬುದನ್ನು ಕಣ್ಣು ಹೇಳಲಾರದು. ನಾವು ಸರಳೆಯನ್ನು, ಅಂದರೆ ಮೊದಲ ಸ್ವರಾಭ್ಯಾಸವನ್ನು, ಆರಂಭಿಸುವುದು ಮಾಯಾಮಾಳವಗೌಳ ರಾಗದಲ್ಲಿ. ಈ ಪಾಠಕ್ರಮವನ್ನು ಪರಂಪರೆ ಪುರಂದರದಾಸರ ಹೆಸರಿಗೆ ಸಲ್ಲಿಸುತ್ತದೆ. ಈ ರಾಗದಲ್ಲಿ ಷಡ್ಜಕ್ಕೂ (ಸ) ರಿಷಭಕ್ಕೂ (ರಿ) ನಡುವಿನ ಅಂತರ ತೀರ ಕಿರಿದು, ಅಲ್ಲಿಂದ ಗಾಂಧಾರಕ್ಕೆ (ಗ) ದೊಡ್ಡ ನೆಗೆತ, ಗಾಂಧಾರ ಮಧ್ಯಮಗಳು (ಗ, ಮ) ಮತ್ತೆ ಅಕ್ಕಪಕ್ಕ. ಪಂಚಮದ (ಪ) ತಂತಿಗೆ ಹೋದರೆ ಬೆರಳುಗಳ ಇದೇ ಜೋಡಣೆ ಪ, ದ, ನಿ, ಸಗಳಿಗೂ ಹೊಂದುತ್ತದೆ, ಆದ್ದರಿಂದ ಒಂದು ತಂತಿಯಲ್ಲಿ ಕೈ ಕೂತರೆ ಅರ್ಧ ಕೆಲಸ ಮುಗಿದಂತೆಯೇ. ಎಂಟೊಂಬತ್ತು ವರ್ಷದ ಮಗು ರಿಷಭಕ್ಕೆ ತೋರುಬೆರಳಿಟ್ಟಾಗ ಬೆರಳು ಸಾಮಾನ್ಯವಾಗಿ ಮುಂದಕ್ಕೆ ಹೋಗಿ, ಸ್ವರ ಏರಿಬಿಡುತ್ತದೆ. ಆಗ ತಪ್ಪೆಂದು ಹೇಳಿ ಬೆರಳನ್ನು ಹಿಡಿದು ಸರಿಸಿದರೆ ಪಾಠ ಬೇಗ ಸಾಗೀತು, ಕಿವಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ನಾನು ಆಧಾರ ಸ್ವರವನ್ನು ನುಡಿಸುತ್ತಿರುವ ಶ್ರುತಿಪೆಟ್ಟಿಗೆಯ ಧ್ವನಿಯನ್ನು ಸ್ವಲ್ಪ ಏರಿಸಿ, ಕಮಾನನ್ನು ಉದ್ದಕ್ಕೆ ಎಳೆಯುತ್ತ ಆ ಒಂದೇ ಸ್ವರದಲ್ಲಿ ನಿಲ್ಲಲು ಹೇಳುತ್ತೇನೆ. ಮೊದಮೊದಲು ಮಗು ಉತ್ತರಕ್ಕಾಗಿ ನನ್ನ ಮುಖ ನೋಡುತ್ತದೆ. ಕೆಲವು ವಾರಗಳು ಕಳೆದ ಮೇಲೆ ನೋಡುವುದನ್ನು ಬಿಟ್ಟು ಹುಬ್ಬು ಗಂಟಿಕ್ಕಿ ಕೇಳತೊಡಗುತ್ತದೆ. ಬೆರಳ ತುದಿ ಕೂದಲೆಳೆಯಷ್ಟು ಹಿಂದಕ್ಕೆ ಜಾರಿ, ಸ್ವರ ಶ್ರುತಿಗೆ ಬಂದು ಸೇರುತ್ತದೆ. ಶಾಲೆಯಲ್ಲಿ ತಪ್ಪು ಗೊತ್ತಾಗುವುದು ಉತ್ತರ ಪತ್ರಿಕೆ ಕೈಗೆ ಬಂದ ಮೇಲೆ, ಅದೂ ಇನ್ನೊಬ್ಬರ ಕೆಂಪು ಶಾಯಿಯಿಂದ. ಇಲ್ಲಿ ಒಂದು ಕಮಾನು ಮುಗಿಯುವುದರೊಳಗೆ ತಪ್ಪೂ ತಿದ್ದುಪಡಿಯೂ ಆಗಿಹೋಗಿರುತ್ತವೆ.

ಮೂರು ಕಾಲಗಳ ಅಭ್ಯಾಸವೂ ಇಂಥದ್ದೇ. ಆದಿತಾಳದ ಎಂಟು ಎಣಿಕೆಗಳ ವೇಗವನ್ನು ಬದಲಿಸದೆ, ಎಣಿಕೆಗೆ ಒಂದು, ಎರಡು, ನಾಲ್ಕು ಸ್ವರಗಳಂತೆ ಅದೇ ಸ್ವರಗಳ ವರಸೆಯನ್ನು ನುಡಿಸಬೇಕು. ಚುರುಕಾದ ಮಕ್ಕಳೇ ಇಲ್ಲಿ ಮೊದಲು ಎಡವುತ್ತಾರೆ, ಏಕೆಂದರೆ ಮೊದಲನೆಯ ಕಾಲದ ನಿಧಾನವನ್ನು ಅವರಿಂದ ತಡೆದುಕೊಳ್ಳಲಾಗುವುದಿಲ್ಲ. ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಕೂರಿಸಿ ಪ್ರತಿ ಸ್ವರವೂ ಜೋಡಿಯಾಗಿ ಬರುವ ಜಂಟಿ ವರಸೆ ನುಡಿಸಿದರೆ, ಓಡುವ ಮಗುವಿಗೆ ತಾನು ಓಡುತ್ತಿದ್ದೇನೆಂದು ನಾನು ಹೇಳಬೇಕಾಗಿಯೇ ಇಲ್ಲ.

ನುಡಿಸುವ ಮೊದಲು ಹಾಡಿಸುವುದು ನಮ್ಮ ಕಡೆಯ ಹಳೆಯ ಕ್ರಮ, ಅದನ್ನು ನಾನು ಬಿಟ್ಟಿಲ್ಲ. ತಿರುಮಕೂಡಲಿನವರಾದ ಪಿಟೀಲು ಚೌಡಯ್ಯನವರು ಕಲಿತದ್ದು ಗಾಯಕರಾಗಿದ್ದ ಬಿಡಾರಂ ಕೃಷ್ಣಪ್ಪನವರ ಬಳಿ ಎಂಬುದನ್ನು, ಹಾಡಲು ನಾಚುವ ಮಕ್ಕಳಿಗೆ ಹೇಳುತ್ತಿರುತ್ತೇನೆ. ಇದೇ ಕಾರಣದಿಂದ ಕೀಬೋರ್ಡಿನ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಗುಂಡಿ ಒತ್ತಿದರೆ ಸ್ವರ ಸಿದ್ಧವಾಗಿ ಬರುತ್ತದೆ, ಸ್ವರವನ್ನು ಅಲುಗಿಸುವ, ಜಾರಿಸುವ ಗಮಕಕ್ಕೆ ಎಡೆಯಿಲ್ಲ, ಕಿವಿಗೆ ಹೆಚ್ಚು ಕೆಲಸವೂ ಇಲ್ಲ. ಆದರೂ ಮಗು ಅದನ್ನೇ ಇಷ್ಟಪಟ್ಟರೆ ಬೇಡವೆನ್ನಬಾರದು; ಇಷ್ಟವಿಲ್ಲದ ಪಿಟೀಲಿಗಿಂತ ಇಷ್ಟದ ಕೀಬೋರ್ಡು ಮೇಲು. ವಾದ್ಯದ ಅಳತೆ ಮಾತ್ರ ಮಗುವಿನ ತೋಳಿಗೆ ಹೊಂದಲೇಬೇಕು. ‘ಹೇಗೂ ಬೆಳೆಯುತ್ತಾನೆ’ ಎಂದು ಪೂರ್ಣ ಅಳತೆಯ ಪಿಟೀಲನ್ನು ಕೊಂಡು ತಂದರೆ ಕುತ್ತಿಗೆ ವಾಲುತ್ತದೆ, ಮಣಿಕಟ್ಟು ಮುರುಟುತ್ತದೆ, ಆ ಅಭ್ಯಾಸವನ್ನು ಬಿಡಿಸುವುದಕ್ಕೆ ಕಲಿಸುವುದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಕಾಲು, ಅರ್ಧ, ಮುಕ್ಕಾಲು ಅಳತೆಗಳ ಪಿಟೀಲುಗಳು ಸಿಗುತ್ತವೆ, ಬೆಳೆದ ಮಕ್ಕಳಿರುವ ಮನೆಗಳಲ್ಲಿ ಸುಮ್ಮನೆ ಬಿದ್ದೂ ಇರುತ್ತವೆ.

ಭಾನುವಾರದ ಎರಡು ಗಂಟೆಗಿಂತ ದಿನವೂ ಇಪ್ಪತ್ತು ನಿಮಿಷ ಮೇಲು. ಆ ಹೊತ್ತಿನಲ್ಲಿ ಹಿರಿಯರೊಬ್ಬರು ಅದೇ ಕೋಣೆಯಲ್ಲಿದ್ದರೆ ಸಾಕು, ತಿದ್ದಬೇಕಾಗಿಲ್ಲ. ಮೊದಲ ಆರು ತಿಂಗಳ ಕೀರಲು ದನಿಗೆ ಮುಖ ಸಿಂಡರಿಸದಿದ್ದರೆ ಅದೇ ದೊಡ್ಡ ಉಪಕಾರ. ಗಣೇಶನ ಹಬ್ಬದ ಸಮಯದಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ, ದಸರಾದಲ್ಲಿ ಅರಮನೆಯ ಮುಂದೆ ಸಂಗೀತ ಕಚೇರಿಗಳು ನಡೆಯುವ ಊರಿನಲ್ಲಿದ್ದೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯದ ಮನೆಗಳಿವೆ. ಅರ್ಧ ಗಂಟೆ ಕೇಳಿ ಎದ್ದುಬಂದರೂ ನಷ್ಟವೇನಿಲ್ಲ.

ಸಂಗೀತದ ಜೂನಿಯರ್ ಪರೀಕ್ಷೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಗುರಿಯಾಗಿ ಅದು ಒಳ್ಳೆಯದೇ, ಆದರೆ ಪ್ರಮಾಣಪತ್ರ ಗೋಡೆಗೇರಿದ ಮರುವಾರವೇ ಪಿಟೀಲು ಪೆಟ್ಟಿಗೆ ಸೇರುವುದನ್ನು ಬಹಳ ಕಂಡಿದ್ದೇನೆ, ಅದರಲ್ಲೂ ಒಂಬತ್ತನೇ ತರಗತಿಯ ಟ್ಯೂಷನ್ ಶುರುವಾದಾಗ. ಆ ಎರಡು ವರ್ಷ ಹೊಸ ಪಾಠ ಬೇಡ, ಪರೀಕ್ಷೆಯೂ ಬೇಡ. ತಿಂಗಳಿಗೊಂದು ಪಾಠವಿದ್ದರೂ ನಡೆಯುತ್ತದೆ. ಬಂದಿರುವ ಗೀತೆಗಳನ್ನು, ವರ್ಣವೆಂಬ ಒಂದೆರಡು ರಚನೆಗಳನ್ನು ವಾರಕ್ಕೆ ಮೂರು ದಿನ ಕಾಲು ಗಂಟೆ ನುಡಿಸಿಕೊಂಡಿದ್ದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ, ಬಿಟ್ಟಲ್ಲಿಂದಲೇ ಮುಂದುವರಿಯುತ್ತಾರೆ. ಪೂರ್ತಿ ನಿಲ್ಲಿಸಿದವರು ಮತ್ತೆ ಸರಳೆಗೆ ಬರಬೇಕಾಗುತ್ತದೆ, ಹದಿನಾರರ ಪ್ರಾಯದಲ್ಲಿ ಅದಕ್ಕೆ ಒಪ್ಪುವವರು ಕಡಿಮೆ.