ಆಪರೇಷನ್‌ಗೆ ಮೊದಲಿನ ಎರಡು ವಾರ ಗಂಜಿ ಪಥ್ಯವಲ್ಲ

ಬೇರಿಯಾಟ್ರಿಕ್ ಸರ್ಜರಿಗೆ, ಅಂದರೆ ಬೊಜ್ಜು ಇಳಿಸಲು ಜಠರಕ್ಕೆ ಮಾಡುವ ಆಪರೇಷನ್ನಿಗೆ, ತಾರೀಕು ಸಿಕ್ಕಿದವರಿಗೆ ಕೊನೆಯ 2 ವಾರಕ್ಕೆಂದು ಒಂದು ಪಥ್ಯದ ಚೀಟಿ ಕೊಡುತ್ತೇವೆ. ನಾಲ್ಕೈದು ದಿನ ಕಳೆದು ಫೋನಿನಲ್ಲಿ ವಿಚಾರಿಸಿದರೆ ಉಪ್ಪಳದಿಂದಲೂ ಅದೇ ಉತ್ತರ, ಬದಿಯಡ್ಕದಿಂದಲೂ ಅದೇ ಉತ್ತರ: “ತುಂಬ ಸ್ಟ್ರಿಕ್ಟಾಗಿ ಇದ್ದೇನೆ ಮೇಡಂ. ಮೂರು ಹೊತ್ತೂ ಗಂಜಿ, ಬಾಯಾರಿದರೆ ಬೊಂಡ (ಎಳನೀರು). ಬೇರೆ ಎಂತದೂ ಮುಟ್ಟಲಿಲ್ಲ.” ಅವರು ಸುಳ್ಳು ಹೇಳುತ್ತಿಲ್ಲ, ಹಸಿವು ತಡೆದುಕೊಂಡದ್ದೂ ನಿಜ. ಆದರೆ ಯಾವುದನ್ನು ಬಿಡಬೇಕಿತ್ತೋ ಅದನ್ನೇ ಮೂರು ಹೊತ್ತು ಕುಡಿದಿರುತ್ತಾರೆ.

ಇದರಲ್ಲಿ ರೋಗಿಯದ್ದು ಮಾತ್ರ ತಪ್ಪು ಅನ್ನಲಾರೆ. ಜ್ವರ ಬಂದರೆ ಗಂಜಿ, ಹೊಟ್ಟೆ ಕೆಟ್ಟರೆ ಗಂಜಿ, ಅರಿಶಿನ ಕಾಮಾಲೆಗೂ ಗಂಜಿ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ “ಆಪರೇಷನ್ ಉಂಟಲ್ಲ, ಹೊಟ್ಟೆಗೆ ಹಗುರ ಆಗಬೇಕು” ಎಂದು ಕುಚ್ಚಲಕ್ಕಿ ಬೇಯಿಸಿ ಮುಂದಿಟ್ಟೇ ಇಡುತ್ತಾರೆ. ಚೀಟಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದು, ಅದರಲ್ಲಿ ‘ಲಿಕ್ವಿಡ್ ಡಯಟ್’ ಎಂದಿದ್ದರೆ ಮುಗಿಯಿತು. ಹೊಟ್ಟೆಗೆ ಹಗುರವಾದದ್ದು ಲಿವರಿಗೂ ಹಗುರ ಎಂದು ಎಲ್ಲರೂ ನಂಬಿಬಿಟ್ಟಿದ್ದಾರೆ. ಅಲ್ಲ.

ಈ 2 ವಾರದ ಪಥ್ಯ ಹೊಟ್ಟೆ ಖಾಲಿ ಮಾಡಲಿಕ್ಕಲ್ಲ, ತೂಕ ಇಳಿಸಲಿಕ್ಕೂ ಅಲ್ಲ. ಲಿವರನ್ನು ಕುಗ್ಗಿಸಲಿಕ್ಕೆ. ಲಿವರಿನ ಎಡಭಾಗ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಜಠರದ ದೊಡ್ಡ ಭಾಗ ಕತ್ತರಿಸಿ ತೆಗೆಯುವ ಸ್ಲೀವ್ ಆಗಲಿ, ಜಠರವನ್ನು ಕಿರಿದು ಮಾಡಿ ನೇರ ಕರುಳಿಗೆ ಜೋಡಿಸುವ ಬೈಪಾಸ್ ಆಗಲಿ, ಸರ್ಜನ್ ಕೆಲಸ ಮಾಡುವ ಜಾಗ ಅದರ ಅಡಿಯಲ್ಲಿದೆ. ಸಣ್ಣ ರಂಧ್ರದ ಮೂಲಕ ರಿಟ್ರ್ಯಾಕ್ಟರ್ ಎಂಬ ಬಾಗಿದ ಸಲಾಕೆ ತೂರಿಸಿ, ಲಿವರನ್ನು ಮೇಲೆತ್ತಿ ಹಿಡಿದು, ಅನ್ನನಾಳವು ಜಠರಕ್ಕೆ ಸೇರುವ ಮೂಲೆಯ ತನಕ, ಜಠರವನ್ನು ಕತ್ತರಿಸಿ ಪಿನ್ನು ಹಾಕಿ ಮುಚ್ಚುವ ಸ್ಟೇಪ್ಲರ್ ಹೋಗಬೇಕು. ಬೊಜ್ಜು ಇರುವವರಲ್ಲಿ ಹೆಚ್ಚಿನವರಿಗೆ ಫ್ಯಾಟಿ ಲಿವರ್ (ಕೊಬ್ಬು ತುಂಬಿದ ಲಿವರ್) ಇರುತ್ತದೆ. ಅಂಥ ಲಿವರ್ ದೊಡ್ಡದು, ಭಾರ, ಅಂಚು ದಪ್ಪ. ಎತ್ತುವಾಗ ಹರಿದು ರಕ್ತ ಸುರಿಯಬಹುದು. ಮೂಲೆ ಕಾಣದಿದ್ದರೆ ಜಠರದ ಮೇಲ್ಭಾಗ ಬೇಕಾದ್ದಕ್ಕಿಂತ ಹೆಚ್ಚು ಉಳಿದುಬಿಡಬಹುದು. ತೀರಾ ದೊಡ್ಡದಿದ್ದರೆ ಹೊಟ್ಟೆ ಕೊಯ್ದು ಮಾಡಬೇಕಾದೀತು, ಅಥವಾ ಏನನ್ನೂ ಮಾಡದೆ ರಂಧ್ರ ಮುಚ್ಚಿ ಹೊರಬರಬೇಕಾದೀತು. ಇಂಥದ್ದು ದಿನಾ ಆಗುವುದಿಲ್ಲ, ಆದರೆ ತಡೆಯಬಹುದಾದದ್ದು.

ಲಿವರ್ ಕುಗ್ಗುವುದು ಹೇಗೆ? ನಾವು ತಿಂದ ಅನ್ನ, ಸಕ್ಕರೆ, ಹಣ್ಣಿನ ಒಂದು ಪಾಲನ್ನು ಲಿವರ್ ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. 1 ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಅಕ್ಕಿ, ಗೋಧಿ, ಸಕ್ಕರೆ ಬರುವುದು ನಿಂತರೆ ಮೊದಲ ಎರಡು ಮೂರು ದಿನಗಳಲ್ಲಿ ಈ ದಾಸ್ತಾನು, ನೀರು ಎರಡೂ ಇಳಿಯುತ್ತವೆ. ಆಮೇಲೆ ಲಿವರಿನೊಳಗಿನ ಕೊಬ್ಬು ಕರಗಲು ಶುರುವಾಗುತ್ತದೆ. ವಾರಗಟ್ಟಲೆ ಪಥ್ಯ ಮಾಡಿದರೂ ಕುಗ್ಗುವುದರ ಬಹುಪಾಲು ಮೊದಲ 2 ವಾರದಲ್ಲೇ ಆಗಿಹೋಗುತ್ತದೆ. ಅವಧಿ 2 ವಾರ ಎಂದು ಇಟ್ಟಿರುವುದು ಅದಕ್ಕೇ. ಇನ್ನೊಂದು ಮಾತು: ಖಾಲಿಯಾದ ಗ್ಲೈಕೋಜನ್ ಮತ್ತೆ ತುಂಬಿಕೊಳ್ಳಲು ಒಂದೆರಡು ದಿನ ಸಾಕು. ಹನ್ನೊಂದು ದಿನ ಗಟ್ಟಿಯಾಗಿದ್ದು “ಇನ್ನು ಜನ್ಮದಲ್ಲಿ ತಿನ್ನಲಿಕ್ಕಿಲ್ಲ” ಎಂದು ಕೊನೆಯ ಮೂರು ದಿನ ಕೋರಿ ರೊಟ್ಟಿ, ಪಾಯಸ ಎಂದು ಹೊರಟರೆ ಹಿಂದಿನ ಕಷ್ಟದ ಒಂದು ಭಾಗ ನೀರಿಗೆ ಹೋಯಿತು.

ಈಗ ಗಂಜಿಯ ಲೆಕ್ಕ ನೋಡಿ. 100 ಗ್ರಾಂ ಕುಚ್ಚಲಕ್ಕಿಯಲ್ಲಿ ಸುಮಾರು 75 ಗ್ರಾಂ ಪಿಷ್ಟ, 7–8 ಗ್ರಾಂ ಪ್ರೋಟೀನ್. ಮೂರು ಹೊತ್ತಿಗೆ ತಲಾ 60 ಗ್ರಾಂ ಅಕ್ಕಿ ಹಾಕಿದರೂ ದಿನಕ್ಕೆ 135 ಗ್ರಾಂ ಪಿಷ್ಟ, ಪ್ರೋಟೀನ್ 15 ಗ್ರಾಂ ದಾಟುವುದಿಲ್ಲ. ನಮಗೆ ಬೇಕಾದದ್ದು ಹೆಚ್ಚುಕಡಿಮೆ ಇದರ ತಿರುವುಮುರುವು: ಪಿಷ್ಟ 50–80 ಗ್ರಾಂ ಒಳಗೆ, ಪ್ರೋಟೀನ್ 60–80 ಗ್ರಾಂ, ಒಟ್ಟು 800–1,000 ಕ್ಯಾಲೊರಿ. ನೀರು ಎಷ್ಟು ಹಾಕಿ ತೆಳ್ಳಗೆ ಮಾಡಿದರೂ ಅಕ್ಕಿ ಅಷ್ಟೇ ಅಕ್ಕಿ. ಬೊಂಡದ ನೀರಿನಲ್ಲೂ 100 ಮಿಲಿಗೆ ಸುಮಾರು 4 ಗ್ರಾಂ ಸಕ್ಕರೆ ಇದೆ. ದಿನಕ್ಕೆ ನಾಲ್ಕು ಬೊಂಡ ಎಂದರೆ ನೀವೇ ಕೂಡಿಸಿಕೊಳ್ಳಿ. ರಾಗಿ ಅಂಬಲಿ, ಓಟ್ಸ್, ಕಿತ್ತಳೆ ರಸ, ಬೆಲ್ಲ ಹಾಕಿದ ಪುನರ್ಪುಳಿ ಶರಬತ್ತು ಎಲ್ಲ ಇದೇ ಪಂಕ್ತಿಯವು.

ಮೋಸ ಮಾಡುವುದು ತೂಕದ ಯಂತ್ರ. ಗಂಜಿ ಕುಡಿದವರ ತೂಕವೂ ಇಳಿಯುತ್ತದೆ, ಕ್ಯಾಲೊರಿ ಕಡಿಮೆಯಲ್ಲವೇ. “ಮೂರು ಕೆಜಿ ಇಳಿದಿದೆ, ಮತ್ತೆಂತ?” ಎಂದು ಕೇಳುತ್ತಾರೆ. ಪ್ರೋಟೀನ್ ಇಲ್ಲದ ಕಾರಣ ಅದರಲ್ಲಿ ಮಾಂಸಖಂಡದ ಪಾಲು ಹೆಚ್ಚು, ಲಿವರ್ ಬೇಕಾದಷ್ಟು ಕುಗ್ಗಿರುವುದಿಲ್ಲ. ಆಪರೇಷನ್ ಗಾಯ ಮಾಯಲು ಬೇಕಾದ ಪ್ರೋಟೀನೂ ಸಾಲದು.

ಹಾಗಾದರೆ ಏನು ತಿನ್ನುವುದು? ಬೆಳಿಗ್ಗೆ ಕೆನೆ ತೆಗೆದ ಹಾಲು 200 ಮಿಲಿಗೆ ಒಂದು ಚಮಚೆ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ; ಡಬ್ಬಿಯಲ್ಲೇ ಇರುವ ಅಳತೆ ಚಮಚೆ, 20–25 ಗ್ರಾಂ ಪ್ರೋಟೀನ್ ಬರುತ್ತದೆ). ಮಧ್ಯಾಹ್ನ 100–150 ಗ್ರಾಂ ಬಂಗುಡೆ, ಒಂದು ಚಮಚೆ ಎಣ್ಣೆಯಲ್ಲಿ ಕಾವಲಿಯ ಮೇಲೆ. ಜೊತೆಗೆ ಅಲಸಂಡೆ ಅಥವಾ ಹರಿವೆ ಪಲ್ಯ, ತೆಂಗಿನಕಾಯಿ ಇಲ್ಲದೆ. ಕಾಯಿ ಅರೆದ ಕೊದ್ದೆಲು, ಗಸಿ ಈ 2 ವಾರ ಬೇಡ. 100 ಗ್ರಾಂ ಕಾಯಿತುರಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ಸಂಜೆ ತೆಳು ಮಜ್ಜಿಗೆ, ಉಪ್ಪು ಹಾಕಿ. ರಾತ್ರಿ ಎರಡು ಮೊಟ್ಟೆ, ಮುಳ್ಳುಸೌತೆ. ಸಸ್ಯಾಹಾರಿಗಳಿಗೆ ಬಂಗುಡೆಯ ಜಾಗದಲ್ಲಿ 80–100 ಗ್ರಾಂ ಪನೀರ್, ಮೊಟ್ಟೆಯ ಜಾಗದಲ್ಲಿ 30 ಗ್ರಾಂ ಸೋಯಾ ತುಂಡು. ಬರೀ ಹೆಸರುಬೇಳೆ ನೀರಿನಿಂದ 60 ಗ್ರಾಂ ಪ್ರೋಟೀನ್ ಮುಟ್ಟಲಾಗದು. ನೀರು 2 ಲೀಟರಿಗೆ ಕಡಿಮೆ ಬೇಡ. ಕಿಡ್ನಿ ತೊಂದರೆ ಇರುವವರಿಗೆ ಈ ಪಟ್ಟಿ ಹೊಂದುವುದಿಲ್ಲ, ಅವರದನ್ನು ಬೇರೆಯೇ ಬರೆಸಿಕೊಳ್ಳಬೇಕು.

ಗಂಜಿ ಮತ್ತೆ ಅಡುಗೆಮನೆ ಹೊಕ್ಕುವ ಇನ್ನೊಂದು ದಾರಿ ಶುಗರ್ ಮಾತ್ರೆ. ಅನ್ನ ನಿಲ್ಲಿಸಿ, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಮೊದಲಿನಷ್ಟೇ ತೆಗೆದುಕೊಂಡರೆ ಎರಡನೇ ದಿನವೇ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬರಬಹುದು. ಮನೆಯವರು ಹೆದರಿ ಒಂದು ಬಟ್ಟಲು ಗಂಜಿ ಕುಡಿಸುತ್ತಾರೆ, ಪಥ್ಯ ಅಲ್ಲಿಗೆ ಮುಗಿಯಿತು. ತಪ್ಪು ಪಥ್ಯದ್ದಲ್ಲ, ಕಡಿಮೆ ಮಾಡದ ಮಾತ್ರೆಯದು. ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚೆ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕುಡಿಯಿರಿ. ಅದೇ ದಿನ ಡಾಕ್ಟರಿಗೆ ಹೇಳಿ ಡೋಸ್ ಬದಲಿಸಿಕೊಳ್ಳಿ. ಪಥ್ಯ ಶುರುವಾಗುವ ಮುಂಚೆಯೇ ಇದನ್ನು ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇರುವ ಶುಗರ್ ಮಾತ್ರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು: ಪಿಷ್ಟ ಕಡಿಮೆಯಾದಾಗ, ಶುಗರ್ ಸರಿಯಾಗಿ ಕಾಣುತ್ತಿದ್ದರೂ ರಕ್ತದಲ್ಲಿ ಆಮ್ಲ ಏರಿಬಿಡಬಹುದು. ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲು ಇವನ್ನು ನಿಲ್ಲಿಸುತ್ತೇವೆ, ಹಲವರಲ್ಲಿ ಪಥ್ಯದ ಮೊದಲ ದಿನದಿಂದಲೇ. ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ವಾಂತಿ, ಏದುಸಿರು ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ.

ಕೆಲವರು ಬೇಕೆಂದೇ ಗಂಜಿ ಕುಡಿಯುತ್ತಾರೆ, ತೂಕ ಇಳಿದರೆ ಇನ್ಶೂರೆನ್ಸ್ ಕೈಬಿಟ್ಟೀತು ಎಂಬ ಭಯದಲ್ಲಿ. ಭಯಕ್ಕೆ ಕಾರಣವಿದೆ. ಏಷ್ಯಾದವರಲ್ಲಿ ಬಿಎಂಐ (ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ವಿಮೆಗೆ, ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಕೊಟ್ಟ ಷರತ್ತಿನ ಪ್ರಕಾರ ಬಿಎಂಐ 40 ಬೇಕು. ಇಲ್ಲವೇ 35 ಇದ್ದು, ಹತೋಟಿಗೆ ಬಾರದ ಟೈಪ್ 2 ಮಧುಮೇಹ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಉಸಿರು ಕಟ್ಟುವುದು) ಅಥವಾ ಬೊಜ್ಜಿನಿಂದ ಬಂದ ಹೃದ್ರೋಗ ಇರಬೇಕು. ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗದೆ ಹೋಗಿರಬೇಕು. ವೈದ್ಯಕೀಯವಾಗಿ ಅರ್ಹರಾದವರು ವಿಮೆಗೆ ಅರ್ಹರಾಗದೆ ಇರುವುದು ಇದರಿಂದಲೇ. ಹಾಗಾಗಿ ಪೂರ್ವಾನುಮತಿಯ ಕಾಗದ ಪಥ್ಯ ಶುರುವಾಗುವ ಮುಂಚೆ ಹೋಗಲಿ, ಮೊದಲ ಭೇಟಿಯ ಎತ್ತರ ತೂಕ ಅದರಲ್ಲಿ ದಾಖಲಾಗಲಿ. ಯಾವ ದಿನದ ತೂಕವನ್ನು ಪರಿಗಣಿಸುತ್ತೀರಿ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಎತ್ತರದ ವಿಷಯ ಯಾರೂ ಗಮನಿಸುವುದಿಲ್ಲ. 88 ಕೆಜಿ ತೂಕ, 158 ಸೆಂಟಿಮೀಟರ್ ಎತ್ತರವಿದ್ದರೆ ಬಿಎಂಐ 35.3. ಚಪ್ಪಲಿ ಕಳಚದೆ ನಿಂತು 159 ಎಂದು ಬರೆದರೆ 34.8, 35ರ ಗೆರೆಯ ಈಚೆಗೆ ಬಿದ್ದಿರಿ. ತಲಪಾಡಿ ಗಡಿಯ ಆಚೆ, ಮಂಗಳೂರು ಕಡೆಯ ಆಸ್ಪತ್ರೆಯ ಕಾಗದದಲ್ಲಿ ಒಂದು ಎತ್ತರ, ಕಾಸರಗೋಡಿನ ಚೀಟಿಯಲ್ಲಿ ಇನ್ನೊಂದು ಇದ್ದರೆ ಪ್ರಶ್ನೆ ಬಂದೇ ಬರುತ್ತದೆ. ಬರಿಗಾಲಲ್ಲಿ, ಜಡೆ ತುರುಬು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆಸಿಕೊಳ್ಳಿ.

ಉಳಿದದ್ದನ್ನು ನಿಮ್ಮ ತಂಡ ಮಾಡಿಸುತ್ತದೆ: ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರಿನ ಸರಾಸರಿ), ಥೈರಾಯ್ಡ್, ಬಿ12, ವಿಟಮಿನ್ ಡಿ, ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನ್, ಹೃದಯದ ಎಕೋ, ಗೊರಕೆ ಇದ್ದರೆ ನಿದ್ರೆಯ ಪರೀಕ್ಷೆ, ಮನೋವೈದ್ಯರ ಭೇಟಿ. ಬೀಡಿ ಸಿಗರೇಟು ಕನಿಷ್ಠ 6 ವಾರ ಮೊದಲೇ ನಿಲ್ಲಬೇಕು. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಕೇಳಿದರೆ ಹೆಚ್ಚಿನವರು ಲೆಕ್ಕಕ್ಕೇ ಹೇಳುವುದಿಲ್ಲ. ಅದೂ ನಿಕೋಟಿನ್ನೇ, ಅದೂ ನಿಲ್ಲಬೇಕು. ಹೆಂಗಸರು ಆಪರೇಷನ್ ಬಳಿಕ 12–18 ತಿಂಗಳು ಗರ್ಭ ನಿಲ್ಲದಂತೆ ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು.

ಇಷ್ಟಾಗಿಯೂ ನಡುವೆ ಒಂದು ಮದುವೆ ಬಂತು, ಉಂಡುಬಿಟ್ಟಿರಿ ಎಂದಾದರೆ ಅಡ್ಮಿಟ್ ಆಗುವ ಮೊದಲು ಹೇಳಿಬಿಡಿ. ಬೈಯುವವರು ಯಾರೂ ಇಲ್ಲ. ಅಗತ್ಯ ಕಂಡರೆ ಸರ್ಜನ್ ತಾರೀಕನ್ನು ಒಂದು ವಾರ ಮುಂದೆ ಹಾಕುತ್ತಾರೆ. ಅಷ್ಟು ದಿನ ಪಥ್ಯವೂ ಮಾತ್ರೆಯ ಹೊಸ ಡೋಸೂ ಹಾಗೇ ಮುಂದುವರಿಯಲಿ, ಶುಗರ್ ನೋಡುವುದನ್ನು ಬಿಡಬೇಡಿ.