ಬ್ರೇಕ್ ಬಿಡುವ ಕಾಲು

ಹೋದ ಸೀಸನ್‌ನಲ್ಲಿ ಪ್ರಾಕ್ಟೀಸ್ ಮುಗಿದ ಕೂಡಲೇ ಒಬ್ಬ ತಂದೆ ನನ್ನ ಲ್ಯಾಪ್‌ಟಾಪ್ ಹತ್ತಿರ ಬಂದರು. ಮಗನಿಗೆ 15 ತುಂಬಿತ್ತು. ಬೆಂಗಳೂರಿನಲ್ಲೇ ಕಾರ್ಟ್ ಅನ್ನುವ ಪುಟ್ಟ ರೇಸ್ ಗಾಡಿ ಓಡಿಸಿ ಬೆಳೆದ ಹುಡುಗ, ಕಾರ್ಟ್ ಆದಮೇಲೆ ಮಕ್ಕಳು ಹತ್ತುವ ಫಾರ್ಮುಲಾ 4 ರೇಸ್ ಕಾರಿಗೆ ಹೊಸಬ. "ಸರ್, ಮುಂದಿನ ಹುಡುಗನಿಗಿಂತ 0.8 ಸೆಕೆಂಡ್ ಹಿಂದೆ ಇದ್ದಾನೆ. ಎಂಜಿನ್ ಡಲ್ ಇದೆ ಅನ್ಸುತ್ತೆ, ಸ್ವಲ್ಪ ನೋಡಿ" ಅಂದರು.

ಎಂಜಿನ್ ಸರಿಯಾಗಿಯೇ ಇತ್ತು. ನೇರ ರಸ್ತೆಯಲ್ಲಿ ಇಬ್ಬರ ವೇಗವೂ ಒಂದೇ. ಪೂರ್ತಿ 0.8 ಸೆಕೆಂಡ್ ಹೋಗಿದ್ದು ಮೂರು ತಿರುವುಗಳಲ್ಲಿ, ಅದೂ ಬ್ರೇಕ್ ಬಿಡುವ ಜಾಗದಲ್ಲಿ.

ಈ ಹುಡುಗ ಹುಡುಗಿಯರ ಕಾರಿನ ಡೇಟಾ ಓದಿ, ಎಲ್ಲಿ ಸಮಯ ಸೋರುತ್ತಿದೆ ಅಂತ ಹೇಳುವುದು ನನ್ನ ಕೆಲಸ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 1ಕ್ಕೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ ರೇಸ್ ಗೆದ್ದ ಮೇಲೆ ಅಪ್ಪ ಅಮ್ಮಂದಿರ ಫೋನ್ ಜಾಸ್ತಿಯಾಗಿದೆ. ಅವರು ಕೇಳುವುದು ಸೂಪರ್ ಲೈಸೆನ್ಸ್, ಅಂದರೆ ಫಾರ್ಮುಲಾ 1 ರೇಸ್ ಓಡಿಸಲು ಬೇಕಾದ ಲೈಸೆನ್ಸ್, ಅದರ ಲೆಕ್ಕ. ಅದಕ್ಕೆ 40 ಪಾಯಿಂಟ್ ಬೇಕು. ಫಾರ್ಮುಲಾ 4 ಚಾಂಪಿಯನ್ ಆದರೆ 12 ಸಿಗುತ್ತದೆ. ಆ ಲೆಕ್ಕ ಆಮೇಲೆ ಹಾಕೋಣ. ಮೊದಲು ಕಾಲಿನ ವಿಷಯ.

ಫಾರ್ಮುಲಾ 4ರಂಥ ಜೂನಿಯರ್ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲರ ಚಾಸಿ (ಕಾರಿನ ಚೌಕಟ್ಟು) ಒಂದೇ, ಎಂಜಿನ್ ಒಂದೇ, ಟೈರ್ ಒಂದೇ. ದುಡ್ಡು ಸುರಿದು ಬೇರೆ ಕಾರು ತರಲು ಆಗುವುದಿಲ್ಲ. ಹಾಗಾಗಿ ವ್ಯತ್ಯಾಸ ಎಲ್ಲಾ ಓಡಿಸುವವರ ಕೈಕಾಲಿನಲ್ಲೇ ಇರುತ್ತದೆ. ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಕಾರ್ಟ್‌ನಿಂದ ಬಂದವರಿಗೆ ಈ ಕಷ್ಟ ಯಾಕೆ? ಮಕ್ಕಳು ಕಲಿಯುವ ಸಾಮಾನ್ಯ ಕಾರ್ಟ್‌ನಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಸಸ್ಪೆನ್ಷನ್ ಇಲ್ಲ. ಪಟ್ ಅಂತ ಒತ್ತಿ, ಪಟ್ ಅಂತ ಬಿಟ್ಟರೂ ನಡೆಯುತ್ತದೆ. ಫಾರ್ಮುಲಾ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್. ಸಸ್ಪೆನ್ಷನ್ ಇರುವುದರಿಂದ ಕಾರು ಮೂತಿ ಬಗ್ಗಿಸುತ್ತದೆ, ಏಳುತ್ತದೆ. ಆಟವೇ ಬೇರೆ.

ಬಿಎಂಟಿಸಿ ಬಸ್‌ನಲ್ಲಿ ನಿಂತುಕೊಂಡು ಹೋಗಿದ್ದೀರಲ್ವಾ? ಡ್ರೈವರ್ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ವಾಲುತ್ತಾರೆ. ಬ್ರೇಕ್ ಒಮ್ಮೆಲೇ ಸಡಿಲವಾದರೆ ಅಷ್ಟೇ ಜೋರಾಗಿ ಹಿಂದಕ್ಕೆ. ಕಾರಿನ ಭಾರವೂ ಹಾಗೆಯೇ. ಬ್ರೇಕ್ ಒತ್ತಿದಾಗ ಭಾರ ಮುಂದಿನ ಟೈರ್ ಮೇಲೆ ಕೂರುತ್ತದೆ, ಅವು ರಸ್ತೆಯನ್ನು ಕಚ್ಚಿ ಹಿಡಿಯುತ್ತವೆ. ತಿರುವಿಗೆ ಬೇಕಾದದ್ದು ಅದೇ ಹಿಡಿತ. ಸರಿಯಾಗಿ ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ಬ್ರೇಕ್ ಪೂರ್ತಿ ಬಿಟ್ಟುಬಿಟ್ಟರೆ ಮೂತಿ ಮೇಲೇಳುತ್ತದೆ, ಮುಂದಿನ ಟೈರ್ ಹಗುರವಾಗುತ್ತದೆ. ಸ್ಟೀರಿಂಗ್ ತಿರುಗಿದರೂ ಕಾರು ತಿರುಗುವುದಿಲ್ಲ. ಹುಡುಗ ಕಾಯುತ್ತಾನೆ, ಆಕ್ಸಿಲರೇಟರ್ ತಡವಾಗುತ್ತದೆ. ಆ ತಡ ಮುಂದಿನ ನೇರ ರಸ್ತೆಯ ಉದ್ದಕ್ಕೂ ಬೆನ್ನು ಬಿಡುವುದಿಲ್ಲ.

ಹಾಗಂತ ಜೋರಾಗಿ ಒತ್ತಿಕೊಂಡೇ ತಿರುಗಿಸಲೂ ಆಗದು. ಟೈರ್‌ನ ಹಿಡಿತ ಬೇಸಿಗೆಯಲ್ಲಿ ಮನೆಗೆ ಬಂದ ಒಂದು ಕೊಡ ನೀರಿದ್ದಂತೆ. ಅಡುಗೆಗೂ ಅದೇ, ಸ್ನಾನಕ್ಕೂ ಅದೇ. ಬ್ರೇಕಿಗೆ ಎಷ್ಟು ಖರ್ಚು ಮಾಡಿದಿರೋ ತಿರುಗಲು ಅಷ್ಟು ಕಡಿಮೆ. ಸ್ಟೀರಿಂಗ್ ತಿರುಗುತ್ತಾ ಹೋದ ಹಾಗೆ ಬ್ರೇಕ್ ಕರಗುತ್ತಾ ಹೋಗಬೇಕು.

ಇನ್ನೊಂದು ಕಾರಣವೂ ಇದೆ. ಫಾರ್ಮುಲಾ 4 ಕಾರಿಗೆ ಹಿಂದೆ ಮುಂದೆ ರೆಕ್ಕೆಗಳಿವೆ. ವೇಗ ಇದ್ದಾಗ ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ವೇಗ ಇಳಿದಂತೆ ಆ ಒತ್ತು ಕಡಿಮೆ. ಆರಂಭದಲ್ಲಿ ಸರಿಯಿದ್ದ ಬ್ರೇಕ್ ಐವತ್ತು ಮೀಟರ್ ಆದಮೇಲೆ ಜಾಸ್ತಿಯಾಗಿ ಚಕ್ರ ಲಾಕ್ ಆಗುತ್ತದೆ, ಅಂದರೆ ಸುತ್ತುವುದು ನಿಂತು ಜಾರುತ್ತದೆ. ಹಾಗೆ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದರಲ್ಲಿ ಇಲ್ಲ. ಟೈರ್ ಒಂದೇ ಕಡೆ ಸವೆದು ಚಪ್ಪಟೆಯಾದರೆ ರೇಸ್ ಮುಗಿಯುವವರೆಗೂ ಸ್ಟೀರಿಂಗ್ ನಡುಗುತ್ತಲೇ ಇರುತ್ತದೆ.

ಬ್ರೇಕ್ ಮೇಲಿನ ಒತ್ತಡ ಹೇಗೆ ಏರಿ ಇಳಿಯಿತು ಅಂತ ತೋರಿಸುವ ಗ್ರಾಫ್ ಇರುತ್ತದೆ. ಒಳ್ಳೆಯ ಡ್ರೈವರ್‌ನ ಗ್ರಾಫ್ ನೋಡಿದಾಗಲೆಲ್ಲ ನನಗೆ ನಂದಿಬೆಟ್ಟ ನೆನಪಾಗುತ್ತದೆ. ಒಂದು ಬದಿ ಟಿಪ್ಪು ಡ್ರಾಪ್ ಹಾಗೆ ನೆಟ್ಟಗೆ ಗೋಡೆ. ಇನ್ನೊಂದು ಬದಿ ನಿಧಾನವಾಗಿ ಇಳಿಯುವ ದಾರಿ. ಈ ಹುಡುಗನ ಗ್ರಾಫ್‌ನಲ್ಲಿ ಎರಡೂ ಬದಿ ಗೋಡೆಯೇ.

ಬೆಂಗಳೂರಿನ ಮಕ್ಕಳಿಗೆ ಇದನ್ನು ಅಭ್ಯಾಸ ಮಾಡುವುದು ಸುಲಭವಲ್ಲ. ಇಲ್ಲಿ ಕಾರ್ಟ್ ಟ್ರ್ಯಾಕ್ ಇದೆ, ಫಾರ್ಮುಲಾ ಕಾರು ಓಡಿಸುವ ದೊಡ್ಡ ಟ್ರ್ಯಾಕ್ ಇಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಸುಮಾರು 300 ಕಿ.ಮೀ. ದಾಟಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ. ಅಲ್ಲಿ ಸಿಗುವ ಪ್ರತಿ ಲ್ಯಾಪ್ ಬೆಲೆಬಾಳುವಂಥದ್ದು. ಅದನ್ನು ಕಾಲಿಗೆ ಅಕ್ಷರಾಭ್ಯಾಸ ಮಾಡಿಸಲು ಖರ್ಚು ಮಾಡಬಾರದು. ಅದಕ್ಕೇ ನಾನು ಮನೆಯಲ್ಲಿ ಮಾಡುವ ಕೆಲಸ ಹೇಳಿಕೊಡುತ್ತೇನೆ.

ತೂಕ ನೋಡುವ ಮಷೀನ್ ಇದೆಯಲ್ಲ, ಮುಳ್ಳಿರುವುದು, ಅದನ್ನು ಗೋಡೆಗೆ ಒರಗಿಸಿ. ಮಗು ನೆಲದ ಮೇಲೆ ಕೂತು ಕಾಲು ಚಾಚಿ ಎಡಗಾಲಿನಿಂದ ಒತ್ತಲಿ. ಒಮ್ಮೆಲೇ 40 ಕಿಲೋ. ಆಮೇಲೆ ಮೂರು ಎಣಿಸುವಷ್ಟರಲ್ಲಿ ಮುಳ್ಳು ಎಲ್ಲೂ ಜಿಗಿಯದೆ ಸೊನ್ನೆಗೆ ಇಳಿಯಬೇಕು. ಮೊದಲ ದಿನ ಯಾರಿಗೂ ಬರುವುದಿಲ್ಲ. 40ರಿಂದ 20ಕ್ಕೆ ಚೆನ್ನಾಗಿ ಬರುತ್ತದೆ. ಕೊನೆಯ 10 ಕಿಲೋ ಮಾತ್ರ ಕೈತಪ್ಪಿದಂತೆ ಬಿದ್ದುಹೋಗುತ್ತದೆ. ತಿರುವಿನಲ್ಲಿ ಸಮಯ ಇರುವುದು ಆ ಕೊನೆಯ 10 ಕಿಲೋದಲ್ಲೇ.

ಆ ತಂದೆ ದಿನಾ ರಾತ್ರಿ ಊಟದ ಮುಂಚೆ ಮಗನ ಪಕ್ಕ ಕೂತು ಮುಳ್ಳು ನೋಡಿದರು. ಎರಡು ತಿಂಗಳಾದ ಮೇಲೆ ಇರುಂಗಾಟ್ಟುಕೋಟೈನಲ್ಲಿ ಮತ್ತೆ ಸಿಕ್ಕಾಗ ಅವರು ಲ್ಯಾಪ್ ಟೈಮ್ ಕೇಳಲಿಲ್ಲ. "ಸರ್, ಇಳಿಜಾರು ಬಂತಾ?" ಅಂದರು. ಎರಡು ತಿರುವುಗಳಲ್ಲಿ ಬಂದಿತ್ತು.