ಮುಖ ನೋಡಿ ಮಣೆ ಹಾಕದ ನ್ಯಾಯಪೀಠ

ತೀರ್ಪು ಕೊಡುವವನು ಬಲ್ಲಿದರ ಪಕ್ಷ ವಹಿಸಬಾರದು ಎಂಬ ವಿಧಿ ಅನೇಕ ಧರ್ಮಶಾಸ್ತ್ರಗಳಲ್ಲಿದೆ. ಯೆಹೂದಿಗಳ ಧರ್ಮಗ್ರಂಥವಾದ ತೋರಾ ಇನ್ನೂ ಮುಂದೆ ಹೋಗಿ, ಬಡವನೆಂಬ ಕಾರಣಕ್ಕೂ ಯಾರ ಕಡೆಗೂ ವಾಲಬಾರದೆಂದು ಯಾಜಕಕಾಂಡವೆಂಬ ಭಾಗದ 19ನೇ ಅಧ್ಯಾಯದಲ್ಲಿ ಹೇಳುತ್ತದೆ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕೆನ್ನುವುದೂ ಇದೇ ಅಧ್ಯಾಯ. ದಾನವನ್ನು ಅವರವರ ಗಂಟಿನಿಂದ ಮಾಡಬೇಕೇ ಹೊರತು, ತೀರ್ಪಿನ ಮೂಲಕ ಎದುರು ಕಕ್ಷಿಯಿಂದ ಕೊಡಿಸುವಂತಿಲ್ಲ.

ಧರ್ಮಶಾಸ್ತ್ರ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ರಬ್ಬಿಗಳ, ಅಂದರೆ ಯೆಹೂದಿ ಧರ್ಮಪಂಡಿತರ, ಕಣ್ಣು ನೆಟ್ಟಿದ್ದು ನೇರ ಲಂಚಕ್ಕಿಂತ ಸೂಕ್ಷ್ಮವಾದ ಋಣಗಳ ಮೇಲೆ. ನದಿ ದಾಟುವಾಗ ಕೈಯಾಸರೆ ಕೊಟ್ಟವನಿಗೆ ವ್ಯಾಜ್ಯವಿದೆಯೆಂದು ತಿಳಿದೊಡನೆ, ಆ ದಾವೆಯನ್ನು ತಾನು ಕೇಳಲಾರೆನೆಂದು ಶ್ಮುಏಲ್ ಎಂಬ ಪಂಡಿತ ಹಿಂದೆ ಸರಿದನಂತೆ. ರಬ್ಬಿ ಇಷ್ಮಾಯೇಲನ ಪ್ರಸಂಗ ಇನ್ನೂ ಸ್ವಾರಸ್ಯಕರವಾದುದು. ಪ್ರತಿ ಶುಕ್ರವಾರ ರಬ್ಬಿಯದೇ ತೋಟದ ಹಣ್ಣು ತರುತ್ತಿದ್ದ ಒಕ್ಕಲು, ದಾವೆಯಿದ್ದುದರಿಂದ ಒಮ್ಮೆ ಗುರುವಾರವೇ ಬುಟ್ಟಿ ತಂದ. ರಬ್ಬಿ ಅದನ್ನು ಮುಟ್ಟದೆ ವಿಚಾರಣೆಯನ್ನು ಬೇರೆಯವರಿಗೆ ಒಪ್ಪಿಸಿದರೂ, ಇವನು ಹೀಗೆ ವಾದಿಸಬಹುದಿತ್ತಲ್ಲ ಎಂದು ಮನಸ್ಸು ಒಕ್ಕಲಿನ ಪರವಾಗಿಯೇ ಯೋಚಿಸುತ್ತಿತ್ತು. ಪಡೆಯದ ಉಡುಗೊರೆಯೇ ಇಷ್ಟು ಮಾಡುವುದಾದರೆ ಪಡೆದದ್ದರ ಗತಿಯೇನು ಎಂದು ಅವನು ಬೆಚ್ಚಿದ.

1565ರಲ್ಲಿ ವೆನಿಸ್‌ನಲ್ಲಿ ಮುದ್ರಣಗೊಂಡ ‘ಶುಲ್ಖಾನ್ ಅರೂಖ್’ ಸಂಹಿತೆ ಈ ಎಚ್ಚರವನ್ನು ಕಲಾಪದ ನಿಯಮಗಳಾಗಿ ಕ್ರೋಡೀಕರಿಸಿತು: ಒಬ್ಬನನ್ನು ಕೂರಿಸಿ ಇನ್ನೊಬ್ಬನನ್ನು ನಿಲ್ಲಿಸಬಾರದು, ಒಬ್ಬನ ಗೈರುಹಾಜರಿಯಲ್ಲಿ ಇನ್ನೊಬ್ಬನ ಮಾತು ಕೇಳಬಾರದು.

ಆದರೂ ಒಂದು ಪದ್ಧತಿ ಅಡ್ಡದಾರಿ ಹಿಡಿಯಿತು. ಕಕ್ಷಿದಾರರು ತಲಾ ಒಬ್ಬ ನ್ಯಾಯಾಧೀಶನನ್ನು ಆರಿಸಿ, ಆ ಇಬ್ಬರು ಮೂರನೆಯವನನ್ನು ಸೇರಿಸಿಕೊಳ್ಳುವ ಮಿಷ್ನಾ (ತಾಲ್ಮುದ್‌ಗೆ ಆಧಾರವಾದ ಹಳೆಯ ಸಂಹಿತೆ) ಕಾಲದ ಏರ್ಪಾಟಿನಲ್ಲಿ, ಆಯ್ಕೆಯಾದವರು ತಮ್ಮನ್ನು ಆರಿಸಿದವರ ವಕೀಲರಂತೆ ವರ್ತಿಸುವ ಅಪಾಯವಿತ್ತು. 1960ರಲ್ಲಿ ಸ್ಥಾಪನೆಯಾದ ‘ಬೆತ್ ದಿನ್ ಆಫ್ ಅಮೆರಿಕ’ದಂತಹ (ಬೆತ್ ದಿನ್ ಎಂದರೆ ರಬ್ಬಿಗಳ ನ್ಯಾಯಪೀಠ) ಇಂದಿನ ಪೀಠಗಳಲ್ಲಿ ನ್ಯಾಯಾಧೀಶರನ್ನು ಸಂಸ್ಥೆಯೇ ನೇಮಿಸುತ್ತದೆ, ಅವುಗಳ ತೀರ್ಪನ್ನು ಮಧ್ಯಸ್ಥಿಕೆ ಕಾನೂನಿನಡಿ ಸಿವಿಲ್ ನ್ಯಾಯಾಲಯಗಳು ಜಾರಿಗೊಳಿಸಬಲ್ಲವು.

ಇಷ್ಟೆಲ್ಲ ಎಚ್ಚರ ವಹಿಸಿದ ಪರಂಪರೆ ವಿಚ್ಛೇದನದ ವಿಷಯದಲ್ಲಿ ಎಡವಿದೆ ಎಂದೇ ಹೇಳಬೇಕು. ಸಾಂಪ್ರದಾಯಿಕ ಪೀಠಗಳಲ್ಲಿ ಮಹಿಳೆಯರು ನ್ಯಾಯಾಧೀಶರಲ್ಲ. ವಿಚ್ಛೇದನ ಪತ್ರವಾದ ‘ಗೆಟ್’ ಕೊಡುವ ಅಧಿಕಾರವೂ ಗಂಡನದೇ. ಇಸ್ರೇಲ್‌ನಲ್ಲಿ 1953ರ ಕಾಯ್ದೆ ಯೆಹೂದಿಗಳ ಮದುವೆ, ವಿಚ್ಛೇದನಗಳನ್ನು ರಬ್ಬಿಗಳ ನ್ಯಾಯಾಲಯಕ್ಕೇ ವಹಿಸಿದ್ದರಿಂದ, ಗಂಡ ಹಟ ಹಿಡಿದರೆ ಹೆಂಡತಿಗೆ ಬೇರೆ ಬಾಗಿಲಿರಲಿಲ್ಲ. ನ್ಯಾಯಾಲಯದ ಆದೇಶಕ್ಕೆ ಬಗ್ಗದ ಗಂಡನ ಚಾಲನಾ ಪರವಾನಗಿಯನ್ನು ತಡೆಹಿಡಿಯಲು, ಅವನನ್ನು ಸೆರೆಗೆ ಕಳುಹಿಸಲು 1995ರ ಕಾಯ್ದೆ ಅವಕಾಶ ಕೊಟ್ಟಿತು. ಆದರೆ ಪತ್ರವನ್ನು ಕೊಡಬೇಕಾದವನು ಇಂದಿಗೂ ಅವನೇ.